ಅಜ್ಜಿಯ ಕಂಬ

ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕಾ ಚರ್ಚಿನಲ್ಲಿ ನಮ್ಮ ಅಜ್ಜಿಗೆ ಅಂತಲೇ ಒಂದು ಕಂಬ ಇತ್ತು. ಬೆಂಚಿನಲ್ಲಿ ಜಾಗ ಇದ್ದರೂ ಕೂರುತ್ತಿರಲಿಲ್ಲ. ಎಡಗಡೆ ಸಾಲಿನ ಆ ಕಂಬದ ಬುಡಕ್ಕೆ ಹೋಗಿ, ಸೆರಗು ತಲೆ ಮೇಲೆ ಎಳೆದುಕೊಂಡು, ಬೆನ್ನು ಆನಿಸಿ ನೆಲದ ಮೇಲೆ ಕೂತುಬಿಡುತ್ತಿದ್ದರು. ಬಲಿಪೂಜೆ, ಅಂದರೆ ಚರ್ಚಿನ ಮಾಸ್, ಮುಗಿಯುವವರೆಗೂ ಅಲ್ಲೇ. ಯಾಕಜ್ಜಿ ಅಂದರೆ, "ಇಷ್ಟು ದೊಡ್ಡ ಚಾವಣಿ ಹೊತ್ತಿದೆ, ನನ್ನದೊಂದು ಭಾರ ಹೊರಲ್ವಾ?" ಅನ್ನೋರು.

ಅಜ್ಜಿ ಕನಕಪುರದ ಕಡೆಯ ಹಾರೋಬೆಲೆಯವರು. ಕನ್ನಡದಲ್ಲಿ ಜಪಸರ ಮಾಡಿ ಬೆಳೆದವರು. ಆದರೆ ಬಸಿಲಿಕಾದಲ್ಲಿ ತಮಿಳು ಪೂಜೆ ನಡೆಯುತ್ತಿದ್ದರೂ ಎದ್ದು ಬರುತ್ತಿರಲಿಲ್ಲ. ಮರಿಯಮ್ಮನಿಗೆ ಎಲ್ಲ ಭಾಷೆಯೂ ಬರುತ್ತೆ, ನಿನಗ್ಯಾಕೆ ಚಿಂತೆ ಅಂತ ನಮ್ಮ ಬಾಯಿ ಮುಚ್ಚಿಸುತ್ತಿದ್ದರು.

ಈ ಸಲ ನೊವೇನಕ್ಕೆ, ಅಂದರೆ ಹಬ್ಬದ ಮುಂಚಿನ ಒಂಬತ್ತು ದಿನದ ಪ್ರಾರ್ಥನೆಗೆ, ಹೋದಾಗ ನಾನೂ ಆ ಕಂಬದ ಬುಡದಲ್ಲಿ ಕೂತೆ. ಅಕ್ಕನ ಹೃದಯದ ಆಪರೇಷನ್ ಆಗಿ ಅವಳು ಮನೆಗೆ ಬಂದಿದ್ದಳು. ಹರಕೆ ತೀರಿಸಬೇಕಿತ್ತು, ಕೇಸರಿ ಸೀರೆ ಉಟ್ಟಿದ್ದೆ. ಬೆನ್ನು ತಾಗಿಸಿದ ಕೂಡಲೇ ಕಂಬದ ತಂಪು ರವಿಕೆ ದಾಟಿ ಬೆನ್ನುಮೂಳೆಗೇ ಇಳಿಯಿತು. ಹೊರಗೆ ಸೆಕೆ, ಜನ, ಮೇಣದ ವಾಸನೆ. ಒಳಗೆ ಈ ತಂಪು. ಆಸ್ಪತ್ರೆ ಬಾಗಿಲಲ್ಲಿ ಕಾಯುವಾಗ ಬಾರದ ಅಳು ಅಲ್ಲಿ ಬಂತು. ಆಮೇಲೆ ಎಷ್ಟು ಹೊತ್ತು ಕೂತಿದ್ದೆನೋ, ಪ್ರಸಂಗದಲ್ಲಿ ಗುರುಗಳು ಏನು ಹೇಳಿದರೋ, ಒಂದೂ ನೆನಪಿಲ್ಲ.

ಅಳು ನಿಂತ ಮೇಲೆ ತಲೆ ಎತ್ತಿ ನೋಡಿದೆ. ಇಷ್ಟು ವರ್ಷ ಬಂದಿದ್ದರೂ ಹಾಗೆ ನೋಡಿರಲಿಲ್ಲ. ಕಂಬದ ತಲೆಯ ಮೇಲೆ ಎಲೆ ಎಲೆಯಾದ ಕೆತ್ತನೆ. ಅಲ್ಲಿಂದ ಎರಡೂ ಕಡೆ ಎದ್ದು ತುದಿಯಲ್ಲಿ ಚೂಪಾಗಿ ಕೂಡುವ ಕಮಾನು. ಯುರೋಪಿನ ಹಳೆಯ ಚರ್ಚುಗಳನ್ನು ಕಟ್ಟಿದ ಗಾಥಿಕ್ ಶೈಲಿಯ ಗುಟ್ಟು ಇರುವುದೇ ಆ ಚೂಪಿನಲ್ಲಿ. ಗುಂಡನೆಯ ಕಮಾನು ಮೇಲಿನ ಭಾರವನ್ನು ಅಕ್ಕಪಕ್ಕಕ್ಕೆ ಜಾಸ್ತಿ ತಳ್ಳುತ್ತದೆ, ಅದನ್ನು ತಡೆಯಲು ದಪ್ಪ ಗೋಡೆ ಬೇಕು. ಚೂಪು ಕಮಾನಿನಲ್ಲಿ ಆ ತಳ್ಳಾಟ ಕಡಿಮೆ. ಭಾರ ಹೆಚ್ಚುಪಾಲು ಕೆಳಕ್ಕೆ, ಕಂಬಕ್ಕೆ ಇಳಿಯುತ್ತದೆ. ಹೊರೆ ತಪ್ಪಿದ ಗೋಡೆಯಲ್ಲಿ ಎತ್ತರದ ಕಿಟಕಿ ಬಿಡಬಹುದು. ಆ ಕಿಟಕಿಗಳ ಬಣ್ಣದ ಗಾಜಿನಿಂದ ಬರುವ ಬೆಳಕು ಕೂತವರ ಮುಖದ ಮೇಲೆಲ್ಲ ಬೀಳುತ್ತದೆ. ಅಜ್ಜಿ ಶಾಲೆಗೆ ಹೋದವರಲ್ಲ. ಆದರೆ ಭಾರ ಎಲ್ಲಿಗೆ ಇಳಿಯುತ್ತದೆ ಅನ್ನುವುದು ಅವರಿಗೆ ಸರಿಯಾಗಿ ಗೊತ್ತಿತ್ತು ನೋಡಿ.

ಬೈಬಲ್ಲಿನಲ್ಲಿ ಬರುವ ಕಾನಾ ಊರಿನ ಮದುವೆಯಲ್ಲಿ ಮರಿಯಮ್ಮ ಮಾಡಿದ್ದೂ ಇದನ್ನೇ ಅಲ್ವಾ? ದ್ರಾಕ್ಷಾರಸ ಮುಗಿದಿದೆ ಅಂತ ಮಗ ಯೇಸುವಿಗೆ ಒಂದು ಮಾತು ಹೇಳಿದರು, ಅಷ್ಟೇ. ಹೀಗೆ ಮಾಡು, ಹಾಗೆ ಮಾಡು ಅನ್ನಲಿಲ್ಲ. ಆಳುಗಳ ಕಡೆ ತಿರುಗಿ, ಅವರು ಹೇಳಿದ ಹಾಗೆ ಮಾಡಿ ಅಂದು ಸುಮ್ಮನಾದರು. ನಾವಾದರೆ ದೇವರಿಗೇ ಪಟ್ಟಿ ಕೊಡುತ್ತೇವೆ, ತಾರೀಖು ಸಮೇತ. ನಾನೂ ಕೊಟ್ಟಿದ್ದೆ.

ಈ ಕಟ್ಟಡಕ್ಕೂ ಮೊದಲು ಇಲ್ಲಿದ್ದದ್ದು ಒಂದು ಸಣ್ಣ ಹುಲ್ಲಿನ ಗುಡಿ. ತಮಿಳುನಾಡಿನ ಜಿಂಜಿ ಕಡೆಯಿಂದ ಬಂದು ನೆಲೆಸಿದ ಕ್ರೈಸ್ತರಿಗಾಗಿ ಫ್ರೆಂಚ್ ಗುರು ಅಬ್ಬೆ ದ್ಯುಬುವಾ ಅದನ್ನು ಕಟ್ಟಿಸಿದರು. ಕಾಣಿಕೆ ಮಾತೆ ದೇವಾಲಯ ಅಂತ ಕರೆಯುತ್ತಿದ್ದರು. ದ್ಯುಬುವಾರನ್ನು ಜನ ದೊಡ್ಡ ಸ್ವಾಮಿಯವರು ಅನ್ನುತ್ತಿದ್ದರು. ಇದೇ ದೊಡ್ಡ ಸ್ವಾಮಿಯವರು ಮೈಸೂರು ಸೀಮೆಯಲ್ಲಿ 1803-04ರ ಹೊತ್ತಿಗೆ 25,000ಕ್ಕೂ ಜಾಸ್ತಿ ಜನರಿಗೆ ಸಿಡುಬಿನ ಲಸಿಕೆ ಹಾಕಿಸಿದವರು. ಪ್ರಾರ್ಥನೆ ಇದ್ದರೆ ಸಾಕು, ಔಷಧಿ ಯಾಕೆ ಅನ್ನುವವರು ನಮ್ಮಲ್ಲಿ ಈಗಲೂ ಇದ್ದಾರೆ. ಅವರಿಗೆ ನಾನು ಈ ಕಥೆ ಹೇಳುತ್ತೇನೆ. ಮರಿಯಮ್ಮನಿಗೆ ಆರೋಗ್ಯಮಾತೆ ಅಂತ ಕೈಮುಗಿಯುವ ಜಾಗದ ಬುನಾದಿಯಲ್ಲೇ ಲಸಿಕೆ ಇದೆ. ಅಕ್ಕನನ್ನು ಉಳಿಸಿದ್ದು ಡಾಕ್ಟರೋ ಅಮ್ಮನೋ ಅಂತ ಯಾರಾದರೂ ಕೇಳಿದರೆ ನನಗೆ ನಗು ಬರುತ್ತದೆ.

ಈಗಿನ ಗಾಥಿಕ್ ಕಟ್ಟಡದ ಕೆಲಸ 1875ರಲ್ಲಿ ಶುರುವಾಯಿತು. ಮುಂದೆ ಮೈಸೂರಿನ ಬಿಷಪರಾದ ಫಾದರ್ ಕ್ಲೈನರ್ ನಿಂತು ಕಟ್ಟಿಸಿದರು. 1882ರ ಸೆಪ್ಟೆಂಬರ್ 8ಕ್ಕೆ, ಅಮ್ಮನ ಹುಟ್ಟುಹಬ್ಬದ ದಿನವೇ, ಪ್ರತಿಷ್ಠೆ ಆಯಿತು. ಪೋಪ್ ಕೊಡುವ ಬಸಿಲಿಕಾ ಪದವಿ ಬಂದದ್ದು 1973ರಲ್ಲಿ. ಅಜ್ಜಿ ಮಾತ್ರ ಕೊನೆವರೆಗೂ ಮರಿಯಮ್ಮನ ಗುಡಿ ಅಂತಲೇ ಅಂದರು.

ಒಂದು ಬೇಜಾರಿನ ಮಾತು ಹೇಳಿಬಿಡುತ್ತೇನೆ. ಪರಮಪ್ರಸಾದದ ಹೊತ್ತಿನಲ್ಲೂ ಸುತ್ತ ಮೊಬೈಲ್ ಎತ್ತಿದ ಕೈಗಳು. ಬಣ್ಣದ ಕಿಟಕಿಗೆ ಬೆನ್ನು ಹಾಕಿ ಸೆಲ್ಫಿ. ಕಿಟಕಿಯಲ್ಲಿ ಯಾರಿದ್ದಾರೆ, ಯಾವ ಕಥೆ ಇದೆ ಅಂತ ತಿರುಗಿ ನೋಡುವವರೇ ಇಲ್ಲ. ಓದು ಬಾರದ ಜನಕ್ಕೆ ಆ ಗಾಜೇ ಬೈಬಲ್ ಆಗಿತ್ತು. ಅಜ್ಜಿ ನನಗೆ ಸಂತರನ್ನು ಗುರುತು ಹಿಡಿಯಲು ಕಲಿಸಿದ್ದು ಹಾಗೆಯೇ, ಬೆರಳು ತೋರಿಸಿ. ನೊವೇನದ ಒಂಬತ್ತು ದಿನವೂ ಮನೆಯಲ್ಲಿ ಮಾಂಸ ಇಲ್ಲ, ಜಗಳ ಇಲ್ಲ ಅನ್ನುವ ಕಟ್ಟುನಿಟ್ಟು ಇತ್ತು. ಈಗ ಯೂಟ್ಯೂಬ್‌ನಲ್ಲಿ ಪೂಜೆ ಹಾಕಿಕೊಂಡು ಜೊತೆಗೇ ತರಕಾರಿ ಹೆಚ್ಚುತ್ತೇವೆ. ಹಾಸಿಗೆ ಹಿಡಿದವರಿಗೆ ಅದು ವರವೇ. ಕೈಕಾಲು ಗಟ್ಟಿ ಇರುವ ನಮಗೆ?

ಪೂಜೆ ಮುಗಿದ ಮೇಲೆ ಪಕ್ಕದ ಗುಡಿಗೆ ಹೋದೆ. ಬಾಲಯೇಸುವನ್ನು ಎತ್ತಿಕೊಂಡ ಅಮ್ಮ, ಸೀರೆ ಉಟ್ಟು, ನಮ್ಮ ಮನೆಯ ಹಿರಿಯಳ ಹಾಗೆ ನಿಂತಿದ್ದರು. ಸಾಲಿನಲ್ಲಿ ನನ್ನ ಮುಂದೆ ಬುರ್ಖಾ ಹಾಕಿದ ಹೆಂಗಸು, ಹಿಂದೆ ಕುಂಕುಮ ಇಟ್ಟ ಇನ್ನೊಬ್ಬರು, ತೆಂಗಿನಕಾಯಿ ಹಿಡಿದು. 1898ರ ಪ್ಲೇಗಿನಲ್ಲಿ ನಲುಗಿ, ಬೀದಿ ಬೀದಿಯಲ್ಲಿ ಪ್ಲೇಗ್ ಅಮ್ಮನ ಗುಡಿ ಕಟ್ಟಿದ ಊರು ಇದು. ಕಾಯಿಲೆ ಬಂದಾಗ ಯಾವ ಅಮ್ಮ ಅಂತ ಇಲ್ಲಿ ಯಾರು ಕೇಳಿದ್ದಾರೆ?

ಅಕ್ಕ ಕೊಟ್ಟ ಮೇಣದ ಬತ್ತಿ ಹಚ್ಚಿದೆ. ಅವಳಿಗೆ ಇನ್ನೂ ಜನಜಂಗುಳಿಗೆ ಹೋಗಬೇಡಿ ಅಂದಿದ್ದಾರೆ. ಮುಂದಿನ ವರ್ಷ ಆಗಸ್ಟ್ 29ಕ್ಕೆ ಹಬ್ಬದ ಧ್ವಜ ಏರುವಾಗ ತಾನೇ ಬಂದು ಅಮ್ಮನಿಗೆ ಸೀರೆ ಕೊಡುತ್ತಾಳಂತೆ. ಬಣ್ಣ ಯಾವುದು ಅಂತ ಈಗಿನಿಂದಲೇ ನಮ್ಮಿಬ್ಬರ ಚರ್ಚೆ ನಡೆದಿದೆ. ಅವಳು ನೀಲಿ ಅನ್ನುತ್ತಾಳೆ, ನಾನು ಹಸಿರು.