ಜೊತೆಗೆ ಬಂದವರ ಕೈ

ಆ ದಿನ ಮೂಳೆ ಡಾಕ್ಟರಿಗೆ ತೋರಿಸಬೇಕಿದ್ದದ್ದು ಅಮ್ಮನ ಮಂಡಿ. ಚಿಕ್ಕಮ್ಮ ಸುಮ್ನೆ ಜೊತೆಗೆ ಬಂದಿದ್ದರು. ವಾಪಸ್ ಬರುವಾಗ ಜಯನಗರ ನಾಲ್ಕನೇ ಬ್ಲಾಕ್‌ನಲ್ಲಿ ಸೊಪ್ಪು ತಗೊಳ್ಳಬಹುದು ಅನ್ನೋದೇ ಅವರ ಲೆಕ್ಕ.

ಅಮ್ಮನಿಗೆ 67. ಹನುಮಂತನಗರದಲ್ಲಿ ಇಳಿಜಾರಿನ ಬೀದಿ ನಮ್ಮದು. ಹತ್ತುವುದು ಹೇಗೋ ಆಗುತ್ತಿತ್ತು. ಇಳಿಯುವಾಗ ಪಕ್ಕದವರ ಕಾಂಪೌಂಡ್ ಹಿಡಿದು ಅಡ್ಡಡ್ಡ ಹೆಜ್ಜೆ ಇಡುತ್ತಿದ್ದರು. ಬಾಗಿಲ ಮುಂದಿನ ರಂಗೋಲಿ ಹದಿನೈದು ಚುಕ್ಕಿಯಿಂದ ಐದಕ್ಕೆ ಬಂತು. ಆಮೇಲೆ ಬಗ್ಗಿ ಎಳೆದ ಎರಡು ಗೆರೆ ಅಷ್ಟೇ. ನಾನು ದಿನಾ ಅದನ್ನು ದಾಟಿಕೊಂಡೇ ಆಫೀಸಿಗೆ ಹೋಗುತ್ತಿದ್ದೆ, ಒಂದು ಮಾತು ಕೇಳಲಿಲ್ಲ.

ಡಾಕ್ಟರ್ ಮೊದಲು ನಡೆಸಿ ನೋಡಿದರು. ಕುರ್ಚಿಯಿಂದ ಕೈಯೂರದೆ ಏಳಿ ಅಂದರು. ಆಗಲಿಲ್ಲ. ನಮ್ಮ ಹಳೇ ಎಕ್ಸ್‌ರೇ ಬೆಳಕಿಗೆ ಹಿಡಿದು, "ಇದು ಮಲಗಿಸಿ ತೆಗೆದದ್ದು, ನಿಲ್ಲಿಸಿ ತೆಗೀಬೇಕು" ಅಂತ ಮತ್ತೆ ಕಳಿಸಿದರು. ಕೀಲಲ್ಲಿ ಮೂಳೆ ತುದಿಗೆ ಮೆತ್ತೆಯಂತಿರುವ ಮೃದು ಮೂಳೆ ಎಕ್ಸ್‌ರೇಯಲ್ಲಿ ಕಾಣುವುದಿಲ್ಲವಂತೆ. ಎರಡು ಮೂಳೆಗಳ ನಡುವೆ ಕಾಣುವ ಖಾಲಿ ಜಾಗವೇ ಅದು. ಮೈಭಾರ ಬಿದ್ದಾಗ ಆ ಜಾಗ ಎಷ್ಟು ಉಳಿಯುತ್ತದೆ ಅನ್ನೋದು ಮುಖ್ಯ. ಅಮ್ಮನ ಬಲ ಮಂಡಿಯ ಒಳಬದಿಯಲ್ಲಿ ಏನೂ ಉಳಿದಿರಲಿಲ್ಲ.

"ಯಾವ ಮಾತ್ರೆ ತಗೋತಿದ್ದೀರಿ?"

ಅಮ್ಮ ನನ್ನ ಕಡೆ ನೋಡದೆ ಬ್ಯಾಗಿನಿಂದ ಡೈಕ್ಲೋಫೆನಾಕ್ ಸ್ಟ್ರಿಪ್ ತೆಗೆದರು. ಒಂದು ವರ್ಷದಿಂದ, ಚೀಟಿ ಇಲ್ಲದೆ, ಬೀದಿ ಕೊನೆಯ ಮೆಡಿಕಲ್ ಶಾಪಿನಿಂದ. ಬಿಪಿ ಇರುವವರು! ರಕ್ತ ಪರೀಕ್ಷೆ ಮಾಡಿಸಿದರೆ, ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್ ಸ್ವಲ್ಪ ಏರಿತ್ತು. ನೋವಿನ ಮಾತ್ರೆ ಮಂಡಿಯ ಸವೆತವನ್ನು ತಡೆಯುವುದಿಲ್ಲ. ಇಲ್ಲಿ ಕಿಡ್ನಿಯನ್ನೂ ಮುಟ್ಟಿತ್ತು.

ಅಷ್ಟರಲ್ಲಿ ಚಿಕ್ಕಮ್ಮ ನೀರಿನ ಬಾಟಲಿ ಮುಚ್ಚಳ ತಿರುಗಿಸೋಕೆ ಒದ್ದಾಡುತ್ತಿದ್ದರು. ಡಾಕ್ಟರ್ ಕಣ್ಣು ಅಲ್ಲಿ ನಿಂತಿತು.

"ನಿಮ್ಮ ಕೈ ಕೊಡಿ, ಅಮ್ಮ."

ಎರಡೂ ಕೈಯ ಬೆರಳಿನ ಬುಡದ ಗೆಣ್ಣುಗಳು ಊದಿದ್ದವು. ಒತ್ತಿದರೆ ಮೆತ್ತಗೆ, ನೋವು ಬೇರೆ. ಬೆಳಗ್ಗೆ ಎದ್ದಾಗ ಎಷ್ಟು ಹೊತ್ತು ಬಿಗಿಯಾಗಿರುತ್ತೆ ಅಂತ ಕೇಳಿದರು.

"ಎರಡನೇ ಕುಕ್ಕರ್ ಇಳಿಸೋವರೆಗೂ ಇರುತ್ತೆ. ಒಂದೂವರೆ ಗಂಟೆ ಅನ್ನಿ."

ಅಮ್ಮನ ಮಂಡಿ ಬಿಗಿತ ಹತ್ತು ನಿಮಿಷಕ್ಕೆ ಬಿಡುತ್ತಿತ್ತು. ವ್ಯತ್ಯಾಸ ಅಲ್ಲೇ ಇತ್ತು. ಒಬ್ಬರದು ಸವೆತ. ಇನ್ನೊಬ್ಬರದು ರುಮಟಾಯ್ಡ್, ಅಂದರೆ ದೇಹದ ಕಾವಲು ಪಡೆಯೇ ಕೀಲಿನ ಒಳಪದರದ ಮೇಲೆ ಬೀಳುವ ಕಾಯಿಲೆ. ಮನೆಯಲ್ಲಿ ನಾವು ಎರಡಕ್ಕೂ ವಾಯು ಅಂತ ಒಂದೇ ಹೆಸರಿಟ್ಟು, ಒಂದೇ ಎಣ್ಣೆ ತಿಕ್ಕುತ್ತಿದ್ದೆವು. "ಇದು ನನ್ನ ಕೆಲಸ ಅಲ್ಲ" ಅಂತ ಡಾಕ್ಟರ್ ಇಂಥ ಕೀಲು ಕಾಯಿಲೆ ನೋಡುವ ರುಮಟಾಲಜಿಸ್ಟ್ ಹತ್ತಿರ ಕಳಿಸಿದರು. ರುಮಟಾಯ್ಡ್ ಪತ್ತೆಗೆ ಮಾಡುವ ಆ್ಯಂಟಿ ಸಿಸಿಪಿ ರಕ್ತ ಪರೀಕ್ಷೆ ಪಾಸಿಟಿವ್ ಬಂತು. ಸೊಪ್ಪು ತರೋಕೆ ಬಂದವರಿಗೆ ಫೈಲು ಸಿಕ್ಕಿತು.

ಚಿಕ್ಕಮ್ಮನಿಗೆ ಆ ಕಾವಲು ಪಡೆಯನ್ನು ಹದ್ದಿನಲ್ಲಿಡುವ ಮೆಥೊಟ್ರೆಕ್ಸೇಟ್ ಮಾತ್ರೆ ಶುರುವಾಯಿತು. ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಜೀವಕ್ಕೇ ಅಪಾಯ ಅಂತ ಡಾಕ್ಟರ್ ಮೂರು ಸಲ ಹೇಳಿದರು. ಬೇರೆ ದಿನ ಫೋಲಿಕ್ ಆಸಿಡ್, ಆಗಾಗ ಲಿವರ್ ಮತ್ತು ರಕ್ತದ ಪರೀಕ್ಷೆ. ಒಂದು ತಿಂಗಳಾದರೂ ಏನೂ ಗೊತ್ತಾಗದೆ ಬಿಟ್ಟೇ ಬಿಡ್ತೀನಿ ಅಂತ ಕೂತಿದ್ದರು. ಎರಡು ತಿಂಗಳು ದಾಟಿದ ಮೇಲೆ ಒಂದು ಬೆಳಗ್ಗೆ ಫೋನು: "ಕಾಫಿ ಫಿಲ್ಟರ್ ನಾನೇ ಬಿಚ್ಚಿದೆ ಕಣೋ!"

ಅಮ್ಮನದು ಅಷ್ಟು ಸುಲಭ ಇರಲಿಲ್ಲ. ಜೆಲ್, ವ್ಯಾಯಾಮ, ಮಂಡಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಎಲ್ಲ ಆಯಿತು. ಇಂಜೆಕ್ಷನ್ ಒಂದೂವರೆ ತಿಂಗಳು ನೋವು ತಡೆಯಿತು, ಅಷ್ಟೇ. ರಾತ್ರಿ ನಿದ್ದೆ ಕೆಟ್ಟ ಮೇಲೆ ಆಪರೇಷನ್‌ಗೆ ಒಪ್ಪಿದರು. ಆದರೆ ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಶೇ. 8.6 ಇತ್ತು. ಸಕ್ಕರೆ ಜಾಸ್ತಿ ಇದ್ದರೆ ಹೊಸ ಕೀಲಿಗೆ ಸೋಂಕಾಗುವ ಭಯ. ಅದನ್ನು ಇಳಿಸೋಕೆ ಮತ್ತೆ ಮೂರು ತಿಂಗಳು ಹೋಯಿತು. ಮಂಡಿಯೊಳಗೆ ಹಾಕುವ ಇಂಪ್ಲಾಂಟ್ ಬೆಲೆಗೆ ಕೇಂದ್ರ ಸರ್ಕಾರ 2017ರಲ್ಲೇ ಮಿತಿ ಹಾಕಿದೆ. ಬಿಲ್‌ನ ಉಳಿದ ಸಾಲುಗಳಿಗೆ ಆ ಮಿತಿ ಇಲ್ಲ ಅನ್ನೋದು ಡಿಸ್ಚಾರ್ಜ್ ದಿನ ತಿಳಿಯಿತು.

ಮಂಡಿ ಬದಲಿಸುವುದು ಅಂದರೆ ಇಡೀ ಮಂಡಿ ತೆಗೆಯುತ್ತಾರೆ ಅಂತ ಅಮ್ಮ ಅಂದುಕೊಂಡಿದ್ದರು. ನಿಜಕ್ಕೂ ಸವೆದ ಮೇಲ್ಮೈ ಕತ್ತರಿಸಿ ಲೋಹದ ಟೋಪಿ ಹಾಕುತ್ತಾರೆ. ನಡುವೆ ಗಟ್ಟಿ ಪ್ಲಾಸ್ಟಿಕ್ ಇರುತ್ತದೆ. ಮಾರನೇ ದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು. ಕಷ್ಟ ಶುರುವಾದದ್ದು ಆಮೇಲೆ. ಮಂಡಿ 90 ಡಿಗ್ರಿ ಬಗ್ಗಿಸಲೇಬೇಕು. ಫಿಸಿಯೋ ಹುಡುಗ ಬೆಲ್ ಒತ್ತಿದರೆ ಸಾಕು, "ಬಂದ ಯಮ" ಅಂತ ಅಮ್ಮ ಟಿವಿ ಆರಿಸುತ್ತಿದ್ದರು. ಆರು ವಾರ ಹೀಗೇ. ಎಂಟನೇ ವಾರ ಇಳಿಜಾರನ್ನು ಕಾಂಪೌಂಡ್ ಹಿಡಿಯದೆ ಇಳಿದರು.

ನೆಲದ ಮೇಲೆ ಕುಕ್ಕರಗಾಲಲ್ಲಿ ಕೂರಬೇಡಿ ಅಂದಿದ್ದಾರೆ. ಹಾಗಾಗಿ ಹಬ್ಬದ ದಿನ ರಂಗೋಲಿ ಚಿಕ್ಕಮ್ಮನದು. ಅಮ್ಮ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಾರೆ.

"ಮೂರನೇ ಸಾಲಲ್ಲಿ ಒಂದು ಚುಕ್ಕಿ ಬಿಟ್ಟೆ ನೋಡೇ."

"ನೀನು ಸುಮ್ನಿರು ಅಕ್ಕ. ನಿನ್ನೆ ಭಾನುವಾರ, ಮಾತ್ರೆ ದಿನ. ಇವತ್ತು ತಲೆ ಸ್ವಲ್ಪ ಮಂಕು."