ಕಡಸುಗಳಿಲ್ಲದ ವರ್ಷ

ನಾನು ನೋಡಿಕೊಳ್ಳುವುದು 14 ಹಸುಗಳ ಪುಟ್ಟ ಮಂದೆ. ಹೆಚ್ಚಿನವು ಹೋಲ್‌ಸ್ಟೀನ್, ಮೂರು ಮಾತ್ರ ಜೆರ್ಸಿ. ಮಾಲೀಕರು ಬೇರೆ, ಕೊಟ್ಟಿಗೆಯ ಲೆಕ್ಕ ನನ್ನದು: ಯಾವ ಹಸು ಯಾವಾಗ ಬೆದೆಗೆ ಬಂತು, ಯಾವ ಹೋರಿಯ ಸ್ಟ್ರಾ (ಹೆಪ್ಪುಗಟ್ಟಿಸಿದ ವೀರ್ಯದ ಕಡ್ಡಿ) ಹಾಕಿಸಬೇಕು, ಯಾವುದರ ಹಾಲು ಬತ್ತಿಸಬೇಕು, ಎಲ್ಲ. ಹಾಲಿನ ತಳಿಯ ಹಸುಗಳಿಗೆ ಮಾಂಸದ ತಳಿಯ ಹೋರಿಯ ಸ್ಟ್ರಾ ಹಾಕಿಸೋಣ ಎಂದು ಶುರುಮಾಡಿದ್ದೂ ನಾನೇ, ಅದರಲ್ಲಿ ಎಡವಿದ್ದೂ ನಾನೇ.

ಹೋಲ್‌ಸ್ಟೀನ್ ಗಂಡುಗರುವಿಗೆ ಗಿರಾಕಿ ಸಿಗುವುದು ಕಷ್ಟ. ಎಲುಬು ಉದ್ದ, ಮೈ ತುಂಬುವುದು ನಿಧಾನ. ಅದೇ ಹಸುವಿಗೆ ಆಂಗಸ್ ಎಂಬ ಮಾಂಸದ ತಳಿಯ ಸ್ಟ್ರಾ ಹಾಕಿಸಿದರೆ ಹುಟ್ಟುವ ಕರು ಬೇಗ ದುಂಡಗಾಗುತ್ತದೆ, ಹೆಣ್ಣಾಗಲಿ ಗಂಡಾಗಲಿ ಕೇಳಿಕೊಂಡು ಬರುತ್ತಾರೆ. ಮೊದಲ ವರ್ಷ ಮೂರು ಹಸುಗಳಿಗೆ ಮಾತ್ರ ಹಾಕಿಸಿ ನೋಡಿದೆ. ಮೂರೂ ಕೊಂಬಿಲ್ಲದ ಕಪ್ಪು ಕರುಗಳು, ಮೂರೂ ತಡವಿಲ್ಲದೆ ಮಾರಾಟವಾದವು. ಆ ಹುಮ್ಮಸ್ಸಿನಲ್ಲಿ ಮುಂದಿನ ವರ್ಷ ಇಡೀ ಮಂದೆಗೇ ಮಾಂಸದ ಹೋರಿ. ಕರುಗಳು ಹೋದವು, ದುಡ್ಡು ಬಂತು, ಮಾಲೀಕರು ಬೆನ್ನು ತಟ್ಟಿದರು.

ಪೆಟ್ಟು ಬಿದ್ದದ್ದು ಸುಮಾರು ಮೂರು ವರ್ಷದ ಮೇಲೆ. ಒಂದು ಹಸು ಕುಂಟುತ್ತಿತ್ತು, ಇನ್ನೊಂದು ಎಷ್ಟು ಸಲ ಹಾಕಿಸಿದರೂ ಗಬ್ಬ ನಿಲ್ಲುತ್ತಿರಲಿಲ್ಲ, ಮತ್ತೊಂದರ ಕೆಚ್ಚಲು ಕೆಟ್ಟಿತ್ತು. ಮೂರನ್ನೂ ತೆಗೆಯಲೇಬೇಕಿತ್ತು. ಮಾಲೀಕರು ಸುಮ್ಮನೆ ಕೇಳಿದರು: “ಇವುಗಳ ಜಾಗಕ್ಕೆ ಕಡಸು ಎಲ್ಲಪ್ಪಾ?” ಕಡಸು ಅಂದರೆ ಇನ್ನೂ ಈಯದ ಎಳೆಯ ಹೆಣ್ಣು ದನ. ನನ್ನಲ್ಲಿ ಉತ್ತರವಿರಲಿಲ್ಲ. ಇವತ್ತು ಹಾಕಿಸಿದ ಸ್ಟ್ರಾದ ಕರು 9 ತಿಂಗಳು ಹೊಟ್ಟೆಯಲ್ಲಿರುತ್ತದೆ, ಹುಟ್ಟಿದ ಹೆಣ್ಗರು ಮೊದಲ ಸೂಲಿಗೆ ಬರಲು ಚೆನ್ನಾಗಿ ಸಾಕಿದರೂ 24 ತಿಂಗಳು. ಕೂಡಿದರೆ 33. ಆ 33 ತಿಂಗಳ ಹಿಂದೆ ನಾನು ಒಂದೇ ಒಂದು ಹಾಲಿನ ತಳಿಯ ಸ್ಟ್ರಾ ಹಾಕಿಸಿರಲಿಲ್ಲ.

ಹೊರಗಿನಿಂದ ಎರಡು ಹಸು ತಂದೆವು. ಅದರಲ್ಲೊಂದು ತನ್ನ ಜೊತೆ ಸ್ಟಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದ ಕೆಚ್ಚಲು ಬಾವು ತಂದಿತು. ಹಾಲು ಕರೆಯುವ ಯಂತ್ರದ ಮೂಲಕ, ಕೈಯ ಮೂಲಕ ಹಸುವಿನಿಂದ ಹಸುವಿಗೆ ದಾಟುವ ಸೋಂಕು ಅದು. ಎಷ್ಟೋ ಸಲ ಹೊರಗೆ ಊತವೇನೂ ಕಾಣುವುದಿಲ್ಲ, ಹಾಲಿನ ಪರೀಕ್ಷೆಯಲ್ಲಿ ಜೀವಕೋಶಗಳ ಎಣಿಕೆ ಏರುತ್ತದೆ ಅಷ್ಟೆ. ನಮ್ಮದೇ ಎರಡು ಹಸುಗಳಿಗೆ ಅಂಟಿದ ಮೇಲೆ ಗೊತ್ತಾಯಿತು. ಕರು ಮಾರಿ ಬಂದ ದುಡ್ಡು ಹೋದ ದಾರಿ ಇದು.

ಆಮೇಲೆ ಕೂತು ಮೊದಲೇ ಮಾಡಬೇಕಿದ್ದ ಲೆಕ್ಕ ಮಾಡಿದೆ. ನಮ್ಮಲ್ಲಿ ವರ್ಷಕ್ಕೆ ಮೂರೋ ನಾಲ್ಕೋ ಹಸು ಬದಲಾಗುತ್ತವೆ. ನಾಲ್ಕು ಕಡಸು ಕರೆಯುವ ಸಾಲಿಗೆ ಬರಬೇಕಾದರೆ ಐದು ಹೆಣ್ಗರು ಹುಟ್ಟಬೇಕು, ಒಂದು ದಾರಿಯಲ್ಲಿ ಹೋಗುತ್ತದೆ ಎಂದೇ ಇಟ್ಟುಕೊಳ್ಳಬೇಕು. ಸಾಮಾನ್ಯ ಸ್ಟ್ರಾದಲ್ಲಿ ಐದು ಹೆಣ್ಣಿಗೆ ಹತ್ತು ಹಸು ಬೇಕು, ಆಗ ಮಾಂಸದ ಹೋರಿಗೆ ಉಳಿಯುವುದು ನಾಲ್ಕೇ. ಹೆಣ್ಗರುವಿಗೆಂದೇ ವೀರ್ಯ ಬೇರ್ಪಡಿಸಿದ ಸ್ಟ್ರಾದಲ್ಲಿ ಹತ್ತರಲ್ಲಿ ಒಂಬತ್ತು ಹೆಣ್ಣು, ಹಾಗಾಗಿ ಆರು ಹಸು ಸಾಕು. ಆದರೆ ಅದರಲ್ಲಿ ಗಬ್ಬ ನಿಲ್ಲುವುದು ಸ್ವಲ್ಪ ಕಡಿಮೆ. ಹಾಗಾಗಿ ಅದನ್ನು ಚೆನ್ನಾಗಿ ಗಬ್ಬ ನಿಲ್ಲುವ ಕಡಸುಗಳಿಗೂ ಎಳೆಯ ಹಸುಗಳಿಗೂ ಹಾಕಿಸುತ್ತೇನೆ. ಹೆಣ್ಗರು ಹಗುರ, ಮೊದಲ ಸೂಲಿಗೆ ಅದೂ ಒಂದು ಅನುಕೂಲ.

ದೊಡ್ಡ ಮಂದೆಯವರನ್ನು ಸರಾಸರಿ ಕಾಯುತ್ತದೆ, ನಮ್ಮಂಥವರನ್ನು ಕಾಯುವುದಿಲ್ಲ. ಸಾಮಾನ್ಯ ಸ್ಟ್ರಾದಿಂದ ಹುಟ್ಟುವ ಐದು ಕರುಗಳಲ್ಲಿ ನಾಲ್ಕೋ ಐದೋ ಗಂಡಾಗುವುದು ಹೆಚ್ಚುಕಡಿಮೆ ಐದು ಸಲಕ್ಕೊಮ್ಮೆ. ಗಂಡಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಗರುವನ್ನಂತೂ ಲೆಕ್ಕಕ್ಕೇ ಹಿಡಿಯಬಾರದು. ಅಂಥವುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಗೊಡ್ಡು.

ಕಡಸುಗಳ ಬರ ತುಂಬಲು ಒಂದು ಆಂಗಸ್ ಮಿಶ್ರ ಹೆಣ್ಗರುವನ್ನು ಉಳಿಸಿಕೊಂಡು ಹಸು ಮಾಡಿದ್ದೂ ಉಂಟು. ತಾಯಿಯ ಹಾಲು, ತಂದೆಯ ಮೈ, ಎರಡೂ ಸಿಗುತ್ತದೆ ಅಂದುಕೊಂಡಿದ್ದೆ. ಸಿಕ್ಕಿದ್ದು ಎರಡರ ಅರ್ಧರ್ಧ. ಮೊದಲ ಕೆಲವು ತಿಂಗಳು ಪರವಾಗಿಲ್ಲ ಅನ್ನುವಷ್ಟು ಹಾಲು, ಆಮೇಲೆ ತಿಂದದ್ದೆಲ್ಲ ಬೆನ್ನಿನ ಕೊಬ್ಬಿಗೆ ಹೋಯಿತು, ಬೇಗ ಬತ್ತಿತು. ಕರು ಕುಡಿಸುವ ಹಸುವಾಗಿ ಮಾತ್ರ ಚಿನ್ನ. ತನ್ನದಲ್ಲದ ಕರುವನ್ನೂ ಸೇರಿಸಿ ಎರಡನ್ನು ಸಾಕಿತು. ಮಿಶ್ರತಳಿಯ ಕಸುವು ಎನ್ನುತ್ತಾರಲ್ಲ, ಅದು ಸುಳ್ಳಲ್ಲ. ಆದರೆ ಅದು ಎದ್ದು ಕಾಣುವುದು ಗಬ್ಬ ನಿಲ್ಲುವುದರಲ್ಲಿ, ಕರು ಬದುಕಿ ಬೆಳೆಯುವುದರಲ್ಲಿ. ಆ ಹಸುವನ್ನು ಮತ್ತೆ ಅಪ್ಪನ ಅಥವಾ ಅಮ್ಮನ ತಳಿಗೇ ಕೂಡಿಸಿದರೆ ಮುಂದಿನ ಕರುವಿನಲ್ಲಿ ಆ ಕಸುವೂ ಅರ್ಧಕ್ಕೆ ಇಳಿಯುತ್ತದೆ.

ಹೋರಿಯ ಆಯ್ಕೆಯ ವಿಷಯ ಹೇಳುವಾಗ ಇವತ್ತಿಗೂ ಬೇಸರವಾಗುತ್ತದೆ. ಕ್ಯಾಟಲಾಗಿನ ಚಿತ್ರದಲ್ಲಿ ತೊಡೆ ನೋಡಿ ಮರುಳಾಗಿ, ಮೊದಲ ಸೂಲಿನ ಒಂದು ಜೆರ್ಸಿಗೆ ಲಿಮೋಸಿನ್ ಎಂಬ ಮಾಂಸದ ತಳಿಯ ಹೋರಿ ಹಾಕಿಸಿದೆ. ಪಕ್ಕದ ಪುಟದಲ್ಲಿ ಸುಲಭ ಪ್ರಸವದ ಅಂಕಿ ಇತ್ತು, ಓದಲಿಲ್ಲ. ಹೋಲ್‌ಸ್ಟೀನ್, ಜೆರ್ಸಿಗಳು ಸುಮಾರು 279 ದಿನಕ್ಕೆ ಈಯುತ್ತವೆ, ಲಿಮೋಸಿನ್ ತಳಿಯಲ್ಲಿ 289ರ ಆಸುಪಾಸು. ಮಿಶ್ರ ಕರು ಇವೆರಡರ ನಡುವೆ ಬರುತ್ತದೆ, ಕೊನೆಯ ದಿನಗಳಲ್ಲಿ ಅದು ತೂಕ ಹಾಕಿಕೊಳ್ಳುತ್ತಲೇ ಇರುತ್ತದೆ. ನಾನು ಕಾದೆ, ತಾರೀಖು ದಾಟಿತು, ಮತ್ತೂ ಕಾದೆ. ಕೊನೆಗೆ ವೈದ್ಯರು ಬಂದು ಹಗ್ಗ ಕಟ್ಟಿ ಎಳೆಯಬೇಕಾಯಿತು. ಕರು ಉಳಿಯಲಿಲ್ಲ. ಹಸುವಿನ ಹಿಂಗಾಲಿನ ನರಕ್ಕೆ ಪೆಟ್ಟಾಗಿ ಮೂರು ದಿನ ಏಳಲಿಲ್ಲ. ಪಕ್ಕ ಬದಲಿಸುತ್ತಾ, ಹುಲ್ಲು ಹಾಸಿ ನೋಡಿಕೊಂಡೆವು, ನಾಲ್ಕನೇ ದಿನ ಎದ್ದಿತು. ಅಂದಿನಿಂದ ಮೊದಲು ಪ್ರಸವದ ಅಂಕಿ, ಆಮೇಲೆ ಗರ್ಭದ ದಿನಗಳು, ಕೊನೆಗೆ ತೊಡೆ. ಮೊದಲ ಸೂಲಿನವಕ್ಕೆ ಮಾಂಸದ ಹೋರಿಯೇ ಇಲ್ಲ.

ಇನ್ನೊಂದು ತಪ್ಪು ಯಾರೂ ಹೇಳಿಕೊಡದೆ ನಾನಾಗಿ ಮಾಡಿದ್ದು. ಹೇಗೂ ಮಾರಿಹೋಗುವ ಕರು ಎಂದು ಮಿಶ್ರ ಕರುಗಳಿಗೆ ಗಿಣ್ಣು ಹಾಲು ಕುಡಿಸುವುದನ್ನು ಬೆಳಗಿನವರೆಗೆ ಮುಂದೂಡುತ್ತಿದ್ದೆ. ಹಾಲಿನ ಹೆಣ್ಗರುವಿಗಾದರೆ ರಾತ್ರಿ ಎರಡಕ್ಕೂ ಎದ್ದು ಹೋಗುತ್ತಿದ್ದೆ. ಗಿಣ್ಣಿನಲ್ಲಿರುವ ರೋಗನಿರೋಧಕಗಳನ್ನು ಕರುಳು ಚೆನ್ನಾಗಿ ಹೀರುವುದು ಮೊದಲ ಕೆಲವು ಗಂಟೆ, ಒಂದು ದಿನ ಕಳೆದರೆ ಆ ಬಾಗಿಲು ಮುಚ್ಚಿದಂತೆಯೇ. ಒಂದೇ ತಿಂಗಳಲ್ಲಿ ನಾಲ್ಕು ಕರುಗಳಿಗೆ ಭೇದಿ ಹತ್ತಿತು, ನಾಲ್ಕೂ ಮಿಶ್ರ ಕರುಗಳೇ. ಈಗ ಯಾವ ಕರುವಾದರೂ ತೂಕದ ಹತ್ತನೇ ಒಂದು ಭಾಗದಷ್ಟು ಗಿಣ್ಣು, ಆರು ಗಂಟೆಯೊಳಗೆ.

ಒಂದು ತಮಾಷೆಯೂ ಇದೆ. ಒಂದು ಹಸುವಿಗೆ ಹಾಲಿನ ಸ್ಟ್ರಾ ಹಾಕಿಸಿ 21 ದಿನಕ್ಕೆ ಮತ್ತೆ ಬೆದೆ ತೋರಿತೆಂದು ಆಂಗಸ್ ಹಾಕಿಸಿದ್ದೆ. ಗಬ್ಬವಿದ್ದೂ ಬೆದೆ ತೋರುವ ಹಸುಗಳು ಅಪರೂಪಕ್ಕೆ ಇರುತ್ತವೆ. ಹುಟ್ಟಿದ್ದು ಕಪ್ಪುಬಿಳುಪು ಹೆಣ್ಗರು. ಆಂಗಸ್ ಕಡೆಯದಾದರೆ ಕೊಂಬು ಬರುವಂತಿಲ್ಲ, ಕೊಂಬಿಲ್ಲದ ಗುಣ ಮಿಶ್ರ ಕರುವಿನಲ್ಲೂ ಮೇಲುಗೈ. ಎರಡು ವಾರ ದಿನವೂ ಅದರ ನೆತ್ತಿ ಸವರಿ ನೋಡಿದೆ. ಕೊನೆಗೆ ಬೆರಳಿಗೆ ಎರಡು ಪುಟ್ಟ ಗಂಟು ಸಿಕ್ಕವು. ಕೊಂಬಿನ ಮೊಳಕೆ ಕಂಡು ಅಷ್ಟು ಖುಷಿಪಟ್ಟವರು ಬೇರೆ ಯಾರೂ ಇರಲಿಕ್ಕಿಲ್ಲ.

ಈಗ ಕೊಟ್ಟಿಗೆಯ ಗೋಡೆಗೆ ಒಂದು ಹಲಗೆ ಇದೆ. ಎಡಗಡೆ ಹಾಲಿನ ಸ್ಟ್ರಾದಿಂದ ಗಬ್ಬ ನಿಂತವು, ಬಲಗಡೆ ಮಾಂಸದ್ದು. ಎಡಗಡೆ ಆರು ತುಂಬುವವರೆಗೆ ಬಲಗಡೆಗೆ ಹೋಗುವುದು ವಯಸ್ಸಾದವು ಮತ್ತು ಹಾಲು ಕಡಿಮೆಯವು ಮಾತ್ರ. ಮೊನ್ನೆ ಬೆಳಗ್ಗೆ 6ನೇ ನಂಬರಿನದು ಬೆದೆಗೆ ಬಂತು. ಒಳ್ಳೆ ಹಾಲಿನ ಹಸು, ಆದರೆ ಎರಡು ಸಲ ಗಬ್ಬ ನಿಲ್ಲದೆ ತಿರುಗಿದೆ. ಮಾಲೀಕರು “ಈ ಸಲ ಆಂಗಸ್ ಹಾಕಿಸಿಬಿಡಪ್ಪಾ” ಅಂದರು. ಎಡಗಡೆ ಇನ್ನೂ ಐದೇ ಇತ್ತು, ಹಲಗೆ ತೋರಿಸಿದೆ. ಬೇರ್ಪಡಿಸಿದ ಸ್ಟ್ರಾ ಬೇಡವೆಂದು ಸಂಜೆ ಸಾಮಾನ್ಯ ಹೋಲ್‌ಸ್ಟೀನ್ ಹಾಕಿಸಿದೆ. ಗಬ್ಬ ನಿಲ್ಲದಿದ್ದರೆ ಮತ್ತೆ ಬೆದೆಗೆ ಬರುವ 21ನೇ ದಿನಕ್ಕೆ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿಟ್ಟಿದ್ದೇನೆ, ಇನ್ನೂ 19 ದಿನ ಇದೆ.