ಕಾಗಕ್ಕ, ಗುಬ್ಬಕ್ಕ ಮತ್ತು ನಮ್ಮ ಕಾರ್ಯಾನುಭವದ ತರಗತಿ

ಕೊಪ್ಪಳ ಜಿಲ್ಲೆಯ ಈ ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ ನಾನು ಡಿ.ಎಡ್. ಓದುತ್ತಿದ್ದಾಗ ಕಾರ್ಯಾನುಭವದ ತರಗತಿಯೆಂದರೆ ಗೊಂಬೆಯ ತರಗತಿ ಎಂದೇ ಎಲ್ಲರೂ ಕರೆಯುತ್ತಿದ್ದರು. ಆ ತರಗತಿ ನಡೆಸುತ್ತಿದ್ದ ನಮ್ಮ ಗುರುಗಳು ಮೇಣದಬತ್ತಿ, ಚಾಕ್‌ಪೀಸು ಮಾಡುವುದನ್ನು ಕಲಿಸಿ, ಅಂಕ ಕೊಟ್ಟು ಮುಗಿಸಬಹುದಿತ್ತು. ಹಾಗೆ ಮಾಡದೆ, ನಾಳೆ ಒಂದನೆಯ ತರಗತಿಯ ಮಕ್ಕಳೆದುರು ನಿಲ್ಲುವವರಿಗೆ ಕಥೆಯನ್ನು ಆಡಿ ತೋರಿಸಲು ಬರಲೇಬೇಕೆಂದು ಹಟ ಹಿಡಿದು, ತರಬೇತಿಯುದ್ದಕ್ಕೂ ನಮ್ಮಿಂದ ಗೊಂಬೆ ಮಾಡಿಸಿದರು, ಆಡಿಸಿದರು. ಮಕ್ಕಳೊಂದಿಗೆ ಮಾತಾಡುವುದನ್ನು ನಾನು ಕಲಿತದ್ದು ಬೋಧನಾಶಾಸ್ತ್ರದ ಪುಸ್ತಕಗಳಿಗಿಂತ ಹೆಚ್ಚಾಗಿ ಅಲ್ಲಿಯೇ.

ಗೊಂಬೆಗೆ ಬೇಕಾದ ಯಾವುದನ್ನೂ ಅವರು ಅಂಗಡಿಯಿಂದ ತರಗೊಡುತ್ತಿರಲಿಲ್ಲ. ರದ್ದಿ ಕಾಗದವನ್ನು ನೆನೆಹಾಕಿ, ಮೆಂತ್ಯದೊಂದಿಗೆ ರುಬ್ಬಿ, ನಮ್ಮ ಅಜ್ಜಿಯರು ಬುಟ್ಟಿಗೆ ಬಳಿಯುತ್ತಿದ್ದ ಹದಕ್ಕೆ ತಂದ ಮುದ್ದೆಯಿಂದಲೇ ತಲೆ ಮಾಡಬೇಕಾಗಿತ್ತು. ತೋರುಬೆರಳು ಹೋಗುವಷ್ಟು ದಪ್ಪದ ರಟ್ಟಿನ ಕೊಳವೆ ಅದರ ಕೊರಳು, ಹಳೆಯ ಕುಪ್ಪಸದ ಬಟ್ಟೆ ಅದರ ಅಂಗಿ. ಹೊರಸನ್ನು ಅಡ್ಡಲಾಗಿ ನಿಲ್ಲಿಸಿ, ಮೇಲೆ ಕೌದಿ ಹೊದಿಸಿದರೆ ರಂಗ ಸಿದ್ಧವಾಗುತ್ತಿತ್ತು.

ಆಡಿಸುವ ಕ್ರಮದಲ್ಲಿ ಮಾತ್ರ ಅವರು ಬಹಳ ಕಟ್ಟುನಿಟ್ಟು. ಮಾತಾಡುವ ಗೊಂಬೆಯಷ್ಟೇ ಅಲುಗಬೇಕು, ಉಳಿದ ಗೊಂಬೆ ಅದರತ್ತ ಮುಖ ಮಾಡಿ ಕೇಳುತ್ತ ನಿಲ್ಲಬೇಕು ಎಂಬುದು ಮೊದಲನೆಯ ಪಾಠ. ಎರಡೂ ಒಟ್ಟಿಗೆ ಕುಣಿದರೆ ಮಾತು ಯಾರದೆಂದು ಮಗುವಿಗೆ ತಿಳಿಯುವುದಿಲ್ಲ. ತೋಳು ಸೋತಂತೆ ಗೊಂಬೆ ಸ್ವಲ್ಪಸ್ವಲ್ಪವೇ ಕೆಳಗಿಳಿದು ಕೌದಿಯಲ್ಲಿ ಮುಳುಗುವುದನ್ನು ತಡೆಯಲು, ಬರಿಗೈಯನ್ನು ಎತ್ತಿ ಹಿಡಿದು ನಿಲ್ಲುವ ಅಭ್ಯಾಸವನ್ನೇ ಪ್ರತ್ಯೇಕವಾಗಿ ಮಾಡಿಸುತ್ತಿದ್ದರು. ಗೊಂಬೆ ಕೇಳಿಸಿಕೊಳ್ಳುವುದು ಮಕ್ಕಳಿಗೆ ಕಾಣಬೇಕು ಎಂದು ಅವರು ಹೇಳಿದ್ದು ಎಷ್ಟು ನಿಜವೆಂಬುದು ನನಗೆ ಗೊತ್ತಾದದ್ದು ಪಾಠಾಭ್ಯಾಸಕ್ಕೆಂದು ಹಳ್ಳಿಯ ಶಾಲೆಗೆ ಹೋದಾಗ.

ಅಲ್ಲಿ ನಾವು ಆಡಿದ್ದು ಕನ್ನಡ ನಾಡಿನ ಮಕ್ಕಳೆಲ್ಲ ಒಂದಿಲ್ಲೊಂದು ರೂಪದಲ್ಲಿ ಕೇಳಿರುವ ಕಾಗಕ್ಕ ಗುಬ್ಬಕ್ಕನ ಕಥೆಯನ್ನು. ಮಳೆಗೆ ಕಾಗಕ್ಕನ ಸಗಣಿಯ ಮನೆ ಕರಗಿಹೋಗುತ್ತದೆ. ಅವಳು ಗುಬ್ಬಕ್ಕನ ಗಟ್ಟಿ ಮನೆಯ ಮುಂದೆ ನಿಂತು, ‘ಗುಬ್ಬಕ್ಕ, ಗುಬ್ಬಕ್ಕ, ಬಾಗಲಾ ತಗಿ’ ಎಂದು ಕೂಗುತ್ತಾಳೆ. ‘ತಡಿ ಕಾಗಕ್ಕ, ಕೂಸಿಗೆ ಎರಿಯಾಕತ್ತೀನಿ’ ಎನ್ನುತ್ತಾಳೆ ಗುಬ್ಬಕ್ಕ. ಮತ್ತೆ ಕೂಗು, ಮತ್ತೆ ಕೂಸಿಗೆ ಅಂಗಿ ತೊಡಿಸುವ ನೆವ. ಮತ್ತೆ ಕೂಗು, ಈಗ ಕಾಡಿಗೆ ಹಚ್ಚುವ ನೆವ. ನಾಲ್ಕನೆಯ ಸಲ ಕಾಗಕ್ಕ ಕೂಗಿದಾಗ ನನ್ನ ಕೈಯಲ್ಲಿದ್ದ ಗುಬ್ಬಕ್ಕ ಉತ್ತರ ಕೊಡದೆ ಮಕ್ಕಳತ್ತ ತಿರುಗಿ ನಿಂತಳು. ಹಾಗೆ ಮಾಡಬೇಕೆಂದು ಹೇಳಿಕೊಟ್ಟಿದ್ದವರು ಗುರುಗಳೇ. ಕೌದಿಯ ಹಿಂದೆ ಕುಳಿತ ನಮಗೆ ಮುಖಗಳು ಕಾಣಲಿಲ್ಲ, ದನಿಗಳಷ್ಟೇ ಕೇಳಿದವು. ‘ತಗೀಬ್ಯಾಡ, ನಿನ್ನ ಕಡ್ಲಿ ತಿಂತಾಳ’ ಎಂದು ಕೆಲವರು. ‘ಪಾಪ, ತೊಯ್ಸಿಕೊಳ್ಳಾಕತ್ತಾಳ, ತಗಿ’ ಎಂದು ಇನ್ನು ಕೆಲವರು. ನಮ್ಮನ್ನು ಮರೆತು ಅವರವರೇ ವಾದಕ್ಕಿಳಿದರು. ಶಾಲೆಗೆ ಸೇರಿದಂದಿನಿಂದ ತುಟಿ ಬಿಚ್ಚಿಲ್ಲವೆಂದು ಅಲ್ಲಿನ ಅಕ್ಕೋರು ಹೇಳಿದ್ದ ಹುಡುಗಿಯೊಬ್ಬಳು ಎದ್ದುಬಂದು ಗುಬ್ಬಕ್ಕನ ಕಿವಿಯಲ್ಲಿ ಏನನ್ನೋ ಹೇಳಿ ಹೋದಳು. ಅವಳು ಹೇಳಿದ್ದು ಗೊಂಬೆಗೆ. ಅದನ್ನು ಹಿಡಿದಿದ್ದ ನಾನು ಅವಳ ಪಾಲಿಗೆ ಅಲ್ಲಿ ಇರಲೇ ಇಲ್ಲ. ಗೊಂಬೆಯಿಂದ ಆಗುವ ಅತಿ ದೊಡ್ಡ ಉಪಕಾರ ಇದೇ ಎಂದು ನಾನು ಇಂದಿಗೂ ನಂಬಿದ್ದೇನೆ: ದೊಡ್ಡವರ ಮುಖ ನೋಡಿ ಸರಿಯುತ್ತರ ಹುಡುಕುವ ಅಗತ್ಯ ಮಗುವಿಗೆ ಅಲ್ಲಿ ಇರುವುದಿಲ್ಲ.

ಆಟ ಮುಗಿದ ಮೇಲೆ ಕಥೆಯ ನೀತಿಯೇನೆಂದು ಕೇಳಕೂಡದು ಎಂಬುದು ಗುರುಗಳ ಇನ್ನೊಂದು ಕಟ್ಟಳೆ. ನಮ್ಮ ಪಾಠಯೋಜನೆಯ ನಮೂನೆಯಲ್ಲಿ ‘ಮೌಲ್ಯ’ ಎಂಬ ಅಂಕಣವಿದ್ದುದರಿಂದ ಇದು ನಮ್ಮಲ್ಲಿ ಬಹಳ ಚರ್ಚೆಗೆ ಕಾರಣವಾಯಿತು. ಅವರು ಮಣಿಯಲಿಲ್ಲ. ಬಾಗಿಲು ತೆಗೆಯಬೇಕೋ ಬೇಡವೋ ಎಂದು ತಾವೇ ಕೂಗಾಡಿದ ಮಕ್ಕಳಿಗೆ ನೀವು ತೀರ್ಪು ಕೊಟ್ಟರೆ, ಮುಂದಿನ ಕಥೆಯಲ್ಲಿ ಅವರು ತೀರ್ಪಿಗಾಗಿ ಕಾಯುತ್ತ ಕೂಡುತ್ತಾರೆ ಎಂಬುದು ಅವರ ವಾದವಾಗಿತ್ತು.

ನಮ್ಮ ಜಿಲ್ಲೆಯಲ್ಲಿದ್ದುಕೊಂಡು ಗೊಂಬೆಯನ್ನು ಕುರಿತು ಮಾತಾಡುವವರು ತೊಗಲುಗೊಂಬೆಯನ್ನು ಬಿಟ್ಟು ಮಾತಾಡಲಾಗದು. ಸಂಸ್ಥೆಯ ಅಂಗಳದಲ್ಲಿ ಒಂದು ರಾತ್ರಿ ತೊಗಲುಗೊಂಬೆಯಾಟವನ್ನೇ ಕುಲಕಸುಬಾಗಿ ಆಡಿಸಿಕೊಂಡು ಬಂದ ಶಿಳ್ಳೇಕ್ಯಾತರ ಮೇಳವೊಂದು ರಾಮಾಯಣದ ಪ್ರಸಂಗವನ್ನು ಆಡಿತು. ಬಿಳಿಯ ಪರದೆ, ಅದರ ಹಿಂದೆ ದೀಪ, ನಡುವೆ ಹದಮಾಡಿ ಬಣ್ಣ ಹಾಕಿದ ತೊಗಲಿನ ಚಿತ್ರಗಳು. ಬೆಳಕು ತೊಗಲನ್ನು ಹಾಯ್ದು ಬರುವುದರಿಂದ ಪರದೆಯ ಮೇಲೆ ಬೀಳುವುದು ಕಪ್ಪು ನೆರಳಲ್ಲ, ಕೆಂಪು ಹಸಿರಿನ ನೆರಳು. ಮನೆಯಲ್ಲಿ ಮರಾಠಿಯನ್ನಾಡುವ ಈ ಕುಟುಂಬಗಳು ಪರದೆಯ ಹಿಂದೆ ಕೂತು ಎಷ್ಟು ಸೊಗಸಾದ ಕನ್ನಡದಲ್ಲಿ ಹಾಡುತ್ತವೆಂಬುದನ್ನು ಕೇಳಿಯೇ ತಿಳಿಯಬೇಕು. ಮಳೆ ಹೋದ ವರ್ಷಗಳಲ್ಲಿ ಊರವರು ಅವರನ್ನು ಕರೆಸಿ ಆಡಿಸುತ್ತಿದ್ದರು. ನನ್ನ ಗಮನವನ್ನೆಲ್ಲ ಸೆಳೆದದ್ದು ನಡುನಡುವೆ ಬಂದು ನಗಿಸಿ ಹೋಗುವ ಹಾಸ್ಯದ ಗೊಂಬೆ ಕಿಳ್ಳೇಕ್ಯಾತ ಮತ್ತು ಅವನ ಹೆಂಡತಿ ಬಂಗಾರಕ್ಕ. ರಾಮ, ರಾವಣರು ಗಾಂಭೀರ್ಯದಿಂದ ನಿಂತು ಮಾತಾಡಿದರೆ, ಇವರಿಬ್ಬರು ಕೈಕಾಲು ಬಡಿದು ಕುಣಿದು ಊರಿನವರ ಹೆಸರು ಹಿಡಿದು ಕೂಗುತ್ತಾರೆ, ಊರಿನವರಿಂದ ಉತ್ತರವನ್ನೂ ಪಡೆಯುತ್ತಾರೆ. ಗುಬ್ಬಕ್ಕನನ್ನು ಮಕ್ಕಳತ್ತ ತಿರುಗಿಸುವುದನ್ನು ನಮ್ಮ ಗುರುಗಳು ಎಲ್ಲಿಂದ ಪಡೆದರೆಂಬುದು ಆ ರಾತ್ರಿ ನನಗೆ ಸ್ಪಷ್ಟವಾಯಿತು.

ಕೆಲಸಕ್ಕೆ ಸೇರಿದ ಮೇಲೆ, 1979ರಲ್ಲಿ ಸ್ಥಾಪನೆಯಾದ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ (ಸಿ.ಸಿ.ಆರ್.ಟಿ.) ಶಿಕ್ಷಕರಿಗಾಗಿ ನಡೆಸುವ ಗೊಂಬೆಯಾಟದ ತರಬೇತಿಗೆ ಉದಯಪುರಕ್ಕೆ ಹೋಗುವ ಅವಕಾಶ ದೊರೆಯಿತು. ರಾಜಸ್ಥಾನದ ಕಠಪುತಲಿ ಎಂಬ ಸೂತ್ರದ ಗೊಂಬೆಗೆ ಕಾಲುಗಳಿಲ್ಲ, ಉದ್ದ ಲಂಗವೇ ಅದರ ನಡಿಗೆ. ಅದಕ್ಕೆ ಮಾತೂ ಇಲ್ಲ. ಸೂತ್ರಧಾರ ಬಾಯಲ್ಲಿಟ್ಟುಕೊಂಡ ಸಣ್ಣ ಪೀಪಿಯಿಂದ ಕೀಚಲು ಸದ್ದು ಹೊರಡಿಸುತ್ತಾನೆ, ಹೊರಗೆ ಢೋಲಕ್ ಹಿಡಿದು ಕೂತವರು ‘ಏನೆಂದೆ?’ ಎಂದು ಕೇಳಿ ಅದನ್ನು ಮಾತಾಗಿಸಿ ಹೇಳುತ್ತಾರೆ. ಆ ಉಪಾಯವನ್ನು ನಾನು ಕಾಗಕ್ಕನಿಗೆ ಅಳವಡಿಸಿದ್ದೇನೆ. ನನ್ನ ತರಗತಿಯ ಕಾಗಕ್ಕ ಈಗ ‘ಕಾ’ ಎಂದಷ್ಟೇ ಅನ್ನುತ್ತಾಳೆ, ಅವಳು ಏನೆಂದಳೆಂಬುದನ್ನು ಮಕ್ಕಳು ಹೇಳಬೇಕು. ಓದಲು ಹಿಂಜರಿಯುವ ಮಕ್ಕಳು ಇದರಲ್ಲಿ ಎಲ್ಲರಿಗಿಂತ ಮುಂದಿರುತ್ತಾರೆ. ಕಾಗಕ್ಕನ ಕಷ್ಟವನ್ನು ಒಂದು ಮಗು ಹೇಳಿದಂತೆ ಇನ್ನೊಂದು ಮಗು ಹೇಳಿದ್ದನ್ನು ನಾನು ಕೇಳಿಲ್ಲ.

2025ರಲ್ಲಿ ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಗೌರವ ಸಂದಿತು. ತೊಂಬತ್ತು ದಾಟಿದ ಆ ಹಿರಿಯರ ಹೆಸರನ್ನು ಪತ್ರಿಕೆಯಲ್ಲಿ ಓದಿದ ದಿನ ಮಕ್ಕಳಿಗೆ ಅವರ ಚಿತ್ರ ತೋರಿಸಿ, ಇವರು ನಮ್ಮವರು ಎಂದು ಹೇಳಿದೆ. ಸಂಸ್ಥೆಯಲ್ಲಿ ಈಗ ಓದುತ್ತಿರುವ ತಮ್ಮ ತಂಗಿಯರಲ್ಲಿ ನನ್ನದೊಂದು ಕೋರಿಕೆಯಿದೆ. ತೊಗಲುಗೊಂಬೆಯಾಟ ಆಡುವ ಕುಟುಂಬಗಳು ಇನ್ನೂ ನಮ್ಮ ಸುತ್ತಮುತ್ತ ಇರುವಾಗಲೇ ಅವರನ್ನು ಅಂಗಳಕ್ಕೆ ಕರೆಸಿ, ಸರಿಯಾದ ಸಂಭಾವನೆ ಕೊಟ್ಟು, ಆಟವನ್ನು ಪೂರ್ತಿ ಆಡಿಸಿ. ಹತ್ತು ನಿಮಿಷದ ಪ್ರದರ್ಶನಕ್ಕೆ ಇಳಿಸಬೇಡಿ. ಸುತ್ತಲಿನ ಶಾಲೆಗಳ ಮಕ್ಕಳನ್ನೂ ಕರೆತಂದು ಪರದೆಯ ಹತ್ತಿರವೇ ಕೂರಿಸಿ.